ಮಾಹಿತಿಗಾಗಿ ಮತ್ತು ಸೂಕ್ತ ಕ್ರಮಕ್ಕಾಗಿ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಕಟ್ಟಡದಲ್ಲಿ ಆ ಹತ್ತು ದಿನ ನಡೆದ ರಾದ್ಧಾಂತಕ್ಕೆಲ್ಲ ನಾನೇ ಕಾರಣ ಎಂದು ಇವತ್ತಿಗೂ ಹೇಳಿಕೊಂಡು ತಿರುಗುವವರಿದ್ದಾರೆ. ನಾನು ಮಾಡಿದ್ದಾದರೂ ಏನು? ಒಂದು ಹಾಳೆ ಜೆರಾಕ್ಸ್ ಮಾಡಿಸಿದೆ, ಅದಕ್ಕೊಂದು ಸೀಲು ಒತ್ತಿದೆ, ನೋಟಿಸ್ ಬೋರ್ಡಿಗೆ ಹಾಕಿಸಿದೆ. ಮೂವತ್ತೆರಡು ವರ್ಷ ಸರ್ಕಾರಿ ಕಚೇರಿಯ ಟಪಾಲು ವಿಭಾಗದಲ್ಲಿ ಇದನ್ನೇ ಮಾಡಿ ಸಂಬಳ ಎಣಿಸಿದವನು ನಾನು. ಆಗ ಯಾರೂ ಅದನ್ನು ರಾದ್ಧಾಂತ ಎನ್ನಲಿಲ್ಲ, ಕೆಲಸ ಎಂದರು.

ಟಪಾಲು ವಿಭಾಗದ ಮರ್ಮ ಹೊರಗಿನವರಿಗೆ ತಿಳಿಯುವುದಿಲ್ಲ. ಬಂದ ಕಾಗದಕ್ಕೆ ನಂಬರು ಹಾಕಬೇಕು, ಸೀಲು ಒತ್ತಬೇಕು, ಮುಂದಕ್ಕೆ ತಳ್ಳಬೇಕು. ಓದುತ್ತ ಕೂತರೆ ಕಾಗದ ನಿಲ್ಲುತ್ತದೆ, ಕಾಗದ ನಿಂತರೆ ಸರ್ಕಾರ ನಿಲ್ಲುತ್ತದೆ. ಹಾಗಾಗಿ ನನ್ನ ಇಡೀ ಸೇವಾವಧಿಯಲ್ಲಿ ಒಂದು ಕಾಗದವನ್ನೂ ಓದಿ ನಾನು ಸರ್ಕಾರವನ್ನು ನಿಲ್ಲಿಸಲಿಲ್ಲ. ನಿವೃತ್ತನಾದ ದಿನ ಸಹೋದ್ಯೋಗಿಗಳು ಹಾರ ಹಾಕಿ ಗೋಡೆ ಗಡಿಯಾರ ಕೊಟ್ಟರು. ನಾನು ಮಾತ್ರ ಮೇಲಧಿಕಾರಿಯನ್ನು ಕೇಳಿ, ಸವೆದುಹೋಗಿದೆಯೆಂದು ಪಕ್ಕಕ್ಕಿಟ್ಟಿದ್ದ ನನ್ನ ಹಳೇ ರಬ್ಬರ್ ಸೀಲನ್ನು ಮನೆಗೆ ತಂದುಕೊಂಡೆ. 'ಮಾಹಿತಿಗಾಗಿ ಮತ್ತು ಸೂಕ್ತ ಕ್ರಮಕ್ಕಾಗಿ' ಎಂಬ ಅಗಲವಾದ ಸೀಲು ಅದು. ನೇರಳೆ ಶಾಯಿಯಲ್ಲಿ ಒತ್ತಿದರೆ ಎಂಥ ಬಡಪಾಯಿ ಹಾಳೆಗೂ ಒಂದು ಕಳೆ ಬರುತ್ತದೆ.

ಇನ್ನು ನನ್ನ ಅಕ್ಕನ ಮಗಳ ವಿಷಯ. ಕಾನೂನು ಓದುವುದಕ್ಕೆಂದು ಮೂರು ವರ್ಷದಿಂದ ನಮ್ಮ ಮನೆಯಲ್ಲೇ ಇದ್ದಾಳೆ. ಕಟ್ಟಡದವರೆಲ್ಲ ಅವಳನ್ನು ಲಾಯರಮ್ಮ ಎಂದೇ ಕರೆಯುವುದು. ಕಾಲೇಜಿನ ಮಾಸಪತ್ರಿಕೆಗೆ ಅವಳು ಇತ್ತೀಚಿನ ತೀರ್ಪುಗಳು, ಹೊಸ ನಿಯಮಗಳ ಬಗ್ಗೆ ಬರೆಯುತ್ತಾಳೆ. ಒಂದು ತಿಂಗಳು ಮೊಬೈಲಿನೊಳಗಿನ ನಮ್ಮ ಮಾಹಿತಿ ಯಾರ ಸ್ವತ್ತು ಎಂದು ಬರೆದರೆ, ಇನ್ನೊಂದು ತಿಂಗಳು ಆನ್‌ಲೈನಿನಲ್ಲಿ ಕೊಂಡ ಸಾಮಾನು ಕೆಟ್ಟಿದ್ದರೆ ಹೊಣೆ ಯಾರದು ಎಂದು. ಬರೆಯುವುದು ನಮ್ಮ ಊಟದ ಮೇಜಿನ ಮೇಲೆ. ನನ್ನ ತಟ್ಟೆ ಇಡಬೇಕಾದರೆ ನನ್ನ ಹೆಂಡತಿ ಸುಪ್ರೀಂ ಕೋರ್ಟನ್ನು ಎರಡು ಗೇಣು ಆಚೆ ಸರಿಸಬೇಕು.

ಪ್ರತಿ ತಿಂಗಳೂ ಕರಡು ಬರೆದು ಮೊದಲು ನನ್ನ ಕೈಗೇ ಕೊಡುತ್ತಿದ್ದಳು, "ಮಾಮ, ಕಾನೂನು ಗೊತ್ತಿಲ್ಲದವರಿಗೂ ಅರ್ಥ ಆಗ್ಬೇಕು, ನೀವು ಓದಿ ಹೇಳಿ" ಎಂದು. ನಾನು ಕನ್ನಡಕ ಏರಿಸಿ ಕೂರುತ್ತಿದ್ದೆ. 'ಮೇಲ್ಮನವಿದಾರರು' ಎಂಬ ಪದ ಬರುತ್ತಿದ್ದ ಹಾಗೇ ಕಣ್ಣೆವೆಗಳು ಭಾರವಾಗಿ ಕೂಡಿಕೊಳ್ಳುತ್ತಿದ್ದವು. ಎಚ್ಚರವಾದ ಮೇಲೆ ಹಾಳೆಯ ಮೂಲೆಯಲ್ಲಿ ಟಿಕ್ ಹಾಕಿ ವಾಪಸ್ ಕೊಡುತ್ತಿದ್ದೆ. ಏನೂ ಹೇಳದಿದ್ದರೆ ಅನುಮಾನ ಬರುತ್ತದಲ್ಲ, ಅದಕ್ಕೆ ಪ್ರತಿ ಸಲವೂ, ಎಲ್ಲ ಚೆನ್ನಾಗಿದೆ, ಎರಡನೇ ಪ್ಯಾರಾ ಮಾತ್ರ ಸ್ವಲ್ಪ ಉದ್ದವಾಯಿತು ಎನ್ನುತ್ತಿದ್ದೆ. ಪಾಪದ ಹುಡುಗಿ ಮರುದಿನ ಕೂತು ಎರಡನೇ ಪ್ಯಾರಾವನ್ನು ಪೂರ್ತಿ ಹೊಸದಾಗಿ ಬರೆಯುತ್ತಿದ್ದಳು.

ಆ ತಿಂಗಳ ಪತ್ರಿಕೆ ಬಂದಾಗ ಅವಳು ಊರಲ್ಲಿರಲಿಲ್ಲ. ಜನರಿಗೆ ಅವರ ಹಕ್ಕುಗಳನ್ನು ತಿಳಿಸಿಕೊಡುವ ಹತ್ತು ದಿನದ ಶಿಬಿರಕ್ಕೆ ಹೋಗಿದ್ದಳು. ಪತ್ರಿಕೆ ತೆರೆದರೆ ಮೊದಲನೇ ಹಾಳೆಯಲ್ಲೇ ಅವಳ ಬರಹ. ಮೇಲೆ ದಪ್ಪಕ್ಷರದಲ್ಲಿ 'ಮೆಟ್ಟಿಲು, ಮೊಗಸಾಲೆ ಯಾರದು? ಹೈಕೋರ್ಟಿನ ಇತ್ತೀಚಿನ ತೀರ್ಪು', ಅದರ ಕೆಳಗೆ ಅವಳ ಹೆಸರು. ನನ್ನ ಎದೆ ಉಬ್ಬಿಹೋಯಿತು. ನಮ್ಮ ವಂಶದಲ್ಲಿ ಹೆಸರು ಅಚ್ಚಾದವರೆಂದರೆ ಮತದಾರರ ಪಟ್ಟಿಯಲ್ಲಿ ಮಾತ್ರ, ಅದೂ ತಪ್ಪಾಗಿ.

ತಕ್ಷಣ ಜೆರಾಕ್ಸ್ ಅಂಗಡಿಗೆ ಓಡಿದೆ. ಅಂಗಡಿಯವನು ಎರಡೂ ಬದಿ ಮಾಡಬೇಕಾ ಎಂದು ಕೇಳಿದ. ಹೆಸರು ಇರುವುದು ಒಂದೇ ಬದಿಯಲ್ಲಿ ತಾನೇ, ಅದೊಂದೇ ಸಾಕು ಎಂದೆ. ಮನೆಗೆ ತಂದು ನೋಡಿದರೆ ಹಾಳೆ ಯಾಕೋ ಬೋಳು ಬೋಳಾಗಿ ಕಂಡಿತು. ಬೀರು ತೆಗೆದು ಸೀಲು ಹುಡುಕಿದೆ, ಶಾಯಿಗೆ ಎರಡು ಹನಿ ನೀರು ಬಿಟ್ಟೆ, ಹೆಸರಿನ ಕೆಳಗೆ ಒಂದು ಚಿಕ್ಕ ಉಪಶೀರ್ಷಿಕೆ ಇದ್ದ ಕಡೆ ಜಾಗ ಅನುಕೂಲವಾಗಿದೆ ಎಂದು ಅದರ ಮೇಲೇ ಗಟ್ಟಿಯಾಗಿ ಒತ್ತಿದೆ. ಉಪಶೀರ್ಷಿಕೆ ಮುಚ್ಚಿಹೋಯಿತು. ಹೋದರೆ ಹೋಗಲಿ, ಹೆಸರಿಗೆ ಏನೂ ಆಗಿರಲಿಲ್ಲ.

ನೋಟಿಸ್ ಬೋರ್ಡು ನೆಲಮಹಡಿಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ಬೀಗ ಹಾಕಿಕೊಂಡಿರುತ್ತದೆ. ಅದರ ಕೀಲಿ ನಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿಗಳ ಬಳಿ. ಮನುಷ್ಯ ಒಳ್ಳೆಯವರು, ಆದರೆ ಚಪ್ಪಲಿ ಸ್ಟ್ಯಾಂಡ್ ಕಂಡರೆ ಉರಿದುಬೀಳುತ್ತಾರೆ. ಹಜಾರದಲ್ಲಿ ಸಾಮಾನು ಇಡಬೇಡಿ ಎಂದು ಐದು ವರ್ಷದಲ್ಲಿ ನಲವತ್ತು ಸುತ್ತೋಲೆ ಹೊರಡಿಸಿದ್ದರು, ಒಂದು ಜೊತೆ ಚಪ್ಪಲಿಯೂ ಅಲುಗಿರಲಿಲ್ಲ. ನನ್ನ ಹಾಳೆಯನ್ನು ಕೈಗೆ ತೆಗೆದುಕೊಂಡವರು ನಿಂತಲ್ಲೇ ಎರಡು ಸಲ ಓದಿದರು. ಆಮೇಲೆ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದರು. ನಮ್ಮ ಹುಡುಗಿಯ ಬರವಣಿಗೆ ಅಷ್ಟು ಹಿಡಿಸಿತಲ್ಲ ಎಂದು ನನಗೂ ಕಣ್ಣು ತುಂಬಿಬಂತು.

ಮರುದಿನ ಬೆಳಿಗ್ಗೆ ಹಾಲು ತರಲು ಇಳಿದರೆ ಇದು ನಮ್ಮ ಕಟ್ಟಡ ಹೌದೋ ಅಲ್ಲವೋ ಎನ್ನುವ ಹಾಗಾಯಿತು. ನಾಲ್ಕು ಮಹಡಿಯ ಹಜಾರವೂ ಬಣಬಣ. ಚಪ್ಪಲಿ ಸ್ಟ್ಯಾಂಡುಗಳಿಲ್ಲ, ಮುರಿದ ಕುರ್ಚಿಗಳಿಲ್ಲ. ಬೋರ್ಡಿನ ಮುಂದೆ ಜನವೋ ಜನ. ಆ ಹಾಳೆಯಲ್ಲಿ ಬರೆದಿದ್ದು ಇಷ್ಟು: ಮೆಟ್ಟಿಲು, ಮೆಟ್ಟಿಲ ಕೆಳಗಿನ ಜಾಗ, ಹಜಾರ ಎಲ್ಲವೂ ಎಲ್ಲ ಮನೆಯವರ ಸಮಾನ ಸ್ವತ್ತು, ಅಲ್ಲಿ ಯಾರೂ ಒಂದು ಮೊಳೆಯನ್ನೂ ಹೊಡೆಯತಕ್ಕದ್ದಲ್ಲ, ಯಾವುದೇ ವಸ್ತುವಾಗಲಿ, ಅಲ್ಲಿ ಕೂತು ಕಸುಬು ಮಾಡುವ ಯಾವುದೇ ವ್ಯಕ್ತಿಯಾಗಲಿ ಮೂವತ್ತು ದಿನದೊಳಗೆ ತೆರವಾಗಬೇಕು. ಮೇಲೆ ಹೈಕೋರ್ಟಿನ ಹೆಸರು, ನಡುವೆ ನನ್ನ ಸೀಲು.

ಸೂಕ್ತ ಕ್ರಮ ಶುರುವಾಗಿಹೋಗಿತ್ತು. ಮೂರನೇ ಮಹಡಿಯ ಕುಂಡದಜ್ಜಿ ತಮ್ಮ ಹದಿನೆಂಟು ಹೂಕುಂಡಗಳನ್ನು ಬಚ್ಚಲಿಗೆ ಸಾಗಿಸಿ, ತಾವು ಸ್ನಾನಕ್ಕೆ ಮಗಳ ಮನೆಗೆ ಹೋಗತೊಡಗಿದರು. ಎರಡನೇ ಮಹಡಿಯ ಡ್ರಿಲ್ ಮೇಷ್ಟ್ರು ಹಜಾರದಲ್ಲಿಟ್ಟಿದ್ದ, ನಿಂತಲ್ಲೇ ತುಳಿಯುವ ಸೈಕಲ್ ಬೇರೆಲ್ಲೂ ಹಿಡಿಯದೆ ಅಡುಗೆಮನೆ ಸೇರಿತು. ಅವರು ವ್ಯಾಯಾಮ ಮಾಡುವಷ್ಟು ಹೊತ್ತೂ ಅವರ ಹೆಂಡತಿ ಒಲೆ ಹಚ್ಚುವ ಹಾಗಿರಲಿಲ್ಲ.

ಸೀಲು ನನ್ನದು ಎಂದು ಗೊತ್ತಾದ ಮೇಲೆ ಅನುಮಾನ ಪರಿಹಾರಕ್ಕೆ ಎಲ್ಲರೂ ನಮ್ಮ ಮನೆಗೇ ಬಂದರು. ನಾನೂ ಹತ್ತರಿಂದ ಹನ್ನೆರಡು ಎಂದು ಸಮಯ ಗೊತ್ತು ಮಾಡಿದೆ. ಬಾಗಿಲ ಮುಂದಿನ ಕಾಲೊರಸು ವಸ್ತುವಾಗುತ್ತದೆಯೇ ಎಂದು ಒಬ್ಬರು ಕೇಳಿದರು. ಅರ್ಧ ಹೊಸಿಲ ಒಳಗಿದ್ದರೆ ಆಗುವುದಿಲ್ಲ ಎಂದೆ. ಮೊದಲ ಮಹಡಿಯ ಹಜಾರದಲ್ಲಿ ಸದಾ ಮಲಗಿರುವ ನಾಯಿ ವಸ್ತುವೋ ವ್ಯಕ್ತಿಯೋ ಎಂಬ ಪ್ರಶ್ನೆ ಬಂತು. ಅದು ಸ್ವಲ್ಪ ತೊಡಕಿನದು. ಯೋಚಿಸಿ, ಮಲಗಿದ್ದಾಗ ವಸ್ತು, ಎದ್ದಾಗ ವ್ಯಕ್ತಿ ಎಂದು ಹೇಳಿದೆ. ಅಂದಿನಿಂದ ಮೊದಲ ಮಹಡಿಯವರು ಪಾಳಿಯ ಮೇಲೆ ಹೋಗಿ ನಾಯಿಯನ್ನು ಎಬ್ಬಿಸುತ್ತಿದ್ದರು. ನನ್ನ ಹೆಂಡತಿ ಇದನ್ನೆಲ್ಲ ಬಾಗಿಲ ಬಳಿ ನಿಂತು ನೋಡಿ, "ನಿಮಗೆ ಇದೆಲ್ಲ ಯಾವಾಗ ಗೊತ್ತಾಯ್ತು ರೀ?" ಎಂದಳು. ಕೆಲವು ವಿಷಯ ಅನುಭವದಿಂದ ಬರುತ್ತವೆ ಎಂದೆ.

ಆರನೇ ದಿನದವರೆಗೂ ನಾನು ಸುಖವಾಗಿದ್ದೆ. ಆರನೇ ದಿನ ಹನ್ನೊಂದು ಗಂಟೆಗೆ ಜಿಪ್ಪಿನವರು ಬಂದರು.

ನಮ್ಮ ಮೆಟ್ಟಿಲ ಕೆಳಗೆ ಹತ್ತೊಂಬತ್ತು ವರ್ಷದಿಂದ ಕೂರುವವರು ಅವರು. ಒಂದು ಹೊಲಿಗೆ ಮೆಷಿನ್ನು, ಮೇಣ ಸವರಿದ ದಾರದ ಉಂಡೆ, ಬಿಸ್ಕತ್ತಿನ ಡಬ್ಬಿಯ ತುಂಬ ಹಳೇ ಜಿಪ್ಪುಗಳು. ಕಟ್ಟಡದಲ್ಲಿ ಕಿತ್ತ ಬ್ಯಾಗು, ಹರಿದ ಪಟ್ಟಿ, ಬಾಯಿ ಬಿಟ್ಟ ಸೂಟ್‌ಕೇಸು ಏನಿದ್ದರೂ ಅವರ ಕೈ ಸೇರಿ ಸರಿಯಾಗಬೇಕು. ನಮ್ಮ ಹುಡುಗಿ ಮೊದಲ ದಿನ ಕಾಲೇಜಿಗೆ ಹೊರಟಾಗ ಮೆಟ್ಟಿಲ ಬುಡದಲ್ಲೇ ಬ್ಯಾಗಿನ ಹೆಗಲಪಟ್ಟಿ ಕಿತ್ತುಬಂದು ಅಳು ಬರುವಂತಾಗಿತ್ತು. ಬಸ್ಸು ತಪ್ಪುವುದರೊಳಗೆ ಅದನ್ನು ಹೊಲಿದು, ಓದಿ ಜಡ್ಜಾಗಿ ಬಾ ತಾಯಿ ಎಂದು ಕಳಿಸಿದವರು ಅವರು.

ಕೈಯಲ್ಲಿ ಕಾರ್ಯದರ್ಶಿಗಳ ನೋಟಿಸು ಹಿಡಿದಿದ್ದರು. ಭಾನುವಾರ ಸಭೆ, ಅಲ್ಲಿ ತೀರ್ಮಾನ ದಾಖಲಿಸಿ ಅವರನ್ನು ತೆರವು ಮಾಡಿಸುವುದು ಎಂದು ಅದರಲ್ಲಿತ್ತು. ಜಗಳಕ್ಕೆ ಬಂದಿದ್ದಾರೆ ಎಂದುಕೊಂಡು ನಾನು ಸೆಟೆದು ಕೂತೆ. ಅವರು ಬಂದಿದ್ದು ನಮ್ಮ ಸೂಟ್‌ಕೇಸು ವಾಪಸ್ ಕೊಡುವುದಕ್ಕೆ.

"ಒಂದು ಕಡೆ ಹೊಲಿಗೆ ಆಗಿದೆ ಸ್ವಾಮಿ, ಇನ್ನೊಂದು ಕಡೆ ಉಳೀತು. ಬೇರೆ ಕಡೆ ಕೊಟ್ಟು ಮಾಡಿಸ್ಕೊಳ್ಳಿ."

ಇಷ್ಟು ವರ್ಷ ಇದ್ದವರು ನೀವು, ಬೇಸರ ಮಾಡಿಕೊಳ್ಳಬೇಡಿ, ಕೋರ್ಟಿನ ಮಾತು ನೋಡಿ, ನಮ್ಮ ಕೈಯಲ್ಲಿ ಏನೂ ಇಲ್ಲ ಎಂದು ಏನೇನೋ ತೊದಲಿದೆ.

"ಬೇಸರ ಏನಿಲ್ಲ," ಎಂದರು ಜಿಪ್ಪಿನವರು. "ಬೇರೆ ಯಾರಾದ್ರೂ ಬರೆದಿದ್ರೆ ಸುಳ್ಳು ಅಂತಿದ್ದೆ. ನಮ್ಮ ಲಾಯರಮ್ಮನೇ ಬರೆದಿದ್ದು ಅಂದ್ಮೇಲೆ ಸರಿಯಾಗೇ ಇರುತ್ತೆ."

ಸೂಟ್‌ಕೇಸನ್ನು ಗೋಡೆಗೆ ಒರಗಿಸಿಟ್ಟು ಇಳಿದುಹೋದರು. ಒಳಗೆ ನನ್ನ ಹೆಂಡತಿ ಪಾತ್ರೆಗಳನ್ನು ಎತ್ತಿ ಎತ್ತಿ ಇಡುತ್ತಿದ್ದ ಸದ್ದು ಮಾಮೂಲಿಗಿಂತ ಜೋರಾಗಿತ್ತು. ಅವತ್ತಿನಿಂದ ಅವಳು ನನ್ನ ಜೊತೆ ಮಾತು ಬಿಟ್ಟಳು. ಊಟಕ್ಕೆ ಕರೆಯುವುದಕ್ಕೂ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕುತ್ತಿದ್ದಳು, ಅಷ್ಟೇ.

ಕಾರ್ಯದರ್ಶಿಗಳ ಮನೆಗೆ ಹೋಗಿ, ಆ ಹಾಳೆ ಸಾಕು, ತೆಗೆದುಬಿಡೋಣ ಎಂದೆ. ಅವರು ಹೌಹಾರಿದರು. ಹೈಕೋರ್ಟಿನ ತೀರ್ಪನ್ನು ಕಿತ್ತುಹಾಕಿದರೆ ನ್ಯಾಯಾಂಗ ನಿಂದನೆ, ಕೀಲಿ ಕೊಟ್ಟರೆ ನಾನೂ ಒಳಗೆ, ಕೇಳಿದ್ದಕ್ಕೆ ನೀವೂ ಒಳಗೆ ಎಂದರು. ನಮ್ಮ ಹುಡುಗಿ ಫೋನ್ ಮಾಡಿದಾಗ, ತೀರ್ಪು ಬಂದ ಮೇಲೆ ಅದನ್ನು ವಾಪಸ್ ತೆಗೆದುಕೊಳ್ಳುವುದು ಹೇಗಮ್ಮ ಎಂದು ಮೆಲ್ಲಗೆ ವಿಚಾರಿಸಿದೆ. ಮೇಲ್ಮನವಿ ಹೋಗಬೇಕು ಮಾಮ, ಯಾರದು ಕೇಸು ಎಂದು ಕೇಳಿದಳು. ಯಾರದೂ ಇಲ್ಲ, ಸುಮ್ಮನೆ ಸಾಮಾನ್ಯ ಜ್ಞಾನಕ್ಕೆ ಎಂದು ಫೋನಿಟ್ಟೆ. ಇಷ್ಟು ವರ್ಷ ನನ್ನನ್ನು ನಿದ್ದೆಗೆ ಕೆಡವಿದ ಅದೇ ಪದ ಈಗ ನಿದ್ದೆ ಕೆಡಿಸಿತು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಭೆ. ಒಂಬತ್ತೂವರೆಗೆ ನಮ್ಮ ಹುಡುಗಿ ಶಿಬಿರದಿಂದ ಇಳಿದಳು, ಬಾಯಿ ಬಿಟ್ಟ ಬ್ಯಾಗನ್ನು ದುಪಟ್ಟಾದಲ್ಲಿ ಕಟ್ಟಿಕೊಂಡು. ಮನೆಗೆ ಬರದೆ ಸೀದಾ ಮೆಟ್ಟಿಲ ಕೆಳಗೆ ಹೋಗಿದ್ದಾಳೆ. ನೋಡಿದರೆ ಮೆಷಿನ್ನಿಗೆ ಗೋಣಿ ಸುತ್ತಿ ಹಗ್ಗ ಬಿಗಿದಾಗಿದೆ. ಜಿಪ್ಪಿನವರು ಅವಳಿಗೆ ನೋಟಿಸ್ ಬೋರ್ಡು ತೋರಿಸಿದ್ದಾರೆ.

ಅವಳು ಮೆಟ್ಟಿಲು ಹತ್ತಿ ಬರುವ ಸದ್ದಿನಲ್ಲೇ ನನಗೆ ಗ್ರಹಚಾರ ನೆಟ್ಟಗಿಲ್ಲ ಎಂದು ಗೊತ್ತಾಯಿತು.

"ಮಾಮ, ಹಿಂದಿನ ಪುಟ ಎಲ್ಲಿ?"

ಹಿಂದಿನ ಪುಟದಲ್ಲಿ ನಿನ್ನ ಹೆಸರಿರಲಿಲ್ಲವಲ್ಲಮ್ಮ ಎಂದೆ.

"ಇದು ತೀರ್ಪಲ್ಲ ಮಾಮ. ಕೇಸು ಹಾಕಿದವರ ವಾದ. ಅವರು ಸೋತ್ರು. ತೀರ್ಪು ಹಿಂದಿನ ಪುಟದಲ್ಲಿದೆ. 'ಅರ್ಜಿದಾರರ ವಾದ' ಅಂತ ಅಷ್ಟು ಸ್ಪಷ್ಟವಾಗಿ ಉಪಶೀರ್ಷಿಕೆ ಕೊಟ್ಟಿದ್ದೆ, ಅದರ ಮೇಲೇ ಸೀಲು ಹೊಡೆದಿದೀರಲ್ಲ."

ನಾನು ಕೂತೆ. ಸೋತವರ ಮಾತನ್ನು ಯಾರಾದರೂ ಅಷ್ಟು ಚೆಂದವಾಗಿ, ಇಡೀ ಒಂದು ಪುಟ ಬರೆಯುತ್ತಾರೆಯೇ ಎಂದು ಕೇಳಿದೆ. ಕೋಪದಲ್ಲೂ ಅವಳು ಬಿಡಿಸಿ ಹೇಳಿದಳು. ಕೋರ್ಟು ತೀರ್ಪಿನಲ್ಲಿ ಮೊದಲು ಎರಡೂ ಕಡೆಯವರ ಮಾತು ಬರೆಯುತ್ತದಂತೆ. ಸೋಲುವವರ ಮಾತನ್ನು ಅವರೇ ಓದಿ ತಲೆದೂಗುವಷ್ಟು ಚೆನ್ನಾಗಿ ಬರೆಯಬೇಕು, ಆಮೇಲೆ ಅದು ಯಾಕೆ ನಿಲ್ಲುವುದಿಲ್ಲ ಎಂದು ಹೇಳಬೇಕು ಎಂದು ಅವಳ ಮೇಷ್ಟ್ರು ಕಲಿಸಿದ್ದರಂತೆ.

"ಎರಡನೇ ಪ್ಯಾರಾ ಉದ್ದ ಆಯ್ತು ಅಂತ ನೀವು ಹೇಳಿದ್ದಕ್ಕೇ ನಾನು ಆ ಉಪಶೀರ್ಷಿಕೆ ಕೊಟ್ಟಿದ್ದು," ಎಂದಳು.

ನಾಲ್ಕು ದಿನದಲ್ಲಿ ಮೊದಲ ಸಲ ನನ್ನ ಹೆಂಡತಿ ಬಾಯಿ ಬಿಟ್ಟಳು. "ಮೊದಲು ಕೆಳಗೆ ನಡೀರಿ."

ಸಭೆ ಪಾರ್ಕಿಂಗ್ ಜಾಗದಲ್ಲಿ ಸೇರಿತ್ತು. ಎಲ್ಲರೂ ಪ್ಲಾಸ್ಟಿಕ್ ಕುರ್ಚಿ ತಂದುಕೊಂಡು ಕೂತಿದ್ದರು. ವಾರದಿಂದ ಜಿಪ್ಪಿನವರು ಅರ್ಧಂಬರ್ಧ ವಾಪಸ್ ಕೊಟ್ಟ ಬ್ಯಾಗುಗಳು ಕೆಲವರ ತೊಡೆಯ ಮೇಲೇ ಇದ್ದವು. ಜಿಪ್ಪಿನವರು ಗೋಣಿ ಸುತ್ತಿದ ಮೆಷಿನ್ನಿನ ಪಕ್ಕ ನಿಂತಿದ್ದರು, ಯಾರೂ ಅವರಿಗೆ ಕುರ್ಚಿ ಕೊಟ್ಟಿರಲಿಲ್ಲ. ಕಾರ್ಯದರ್ಶಿಗಳು ಗಾಜಿನ ಪೆಟ್ಟಿಗೆಯಿಂದ ಹಾಳೆ ತೆಗೆದು ಗಂಭೀರವಾಗಿ ಓದಿ ಮುಗಿಸಿ, ಇದರಂತೆ ತೀರ್ಮಾನಿಸಲಾಗಿದೆ ಎಂದು ಬರೆದುಕೊಳ್ಳಲು ಪೆನ್ನು ತೆಗೆದರು.

ನಮ್ಮ ಹುಡುಗಿ ಎದ್ದು, ಇದರ ಹಿಂದೆ ಇನ್ನೂ ಒಂದು ಪುಟ ಇದೆ, ಓದಲು ಅಪ್ಪಣೆ ಬೇಕು ಎಂದಳು. ಅಪ್ಪಣೆ ಸಿಕ್ಕಿತು. ಅವಳು ಪತ್ರಿಕೆಯನ್ನು ತಿರುಗಿಸಿ ನನ್ನ ಕಡೆ ಚಾಚಿದಳು.

"ಸೀಲು ಹಾಕಿದವರೇ ಓದ್ಲಿ."

ಮೂವತ್ತೆರಡು ವರ್ಷದ ಸೇವೆ, ಆರು ವರ್ಷದ ನಿವೃತ್ತಿ. ಒಂದು ಕಾಗದವನ್ನು ಪೂರ್ತಿ ಓದುವ ಪ್ರಸಂಗ ನನಗೆ ಬಂದದ್ದು ಅವತ್ತೇ. ಕನ್ನಡಕ ಏರಿಸಿ ಶುರು ಮಾಡಿದೆ. ಈ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ ಎಂಬುದೇ ಮೊದಲ ವಾಕ್ಯ. ಕಾರ್ಯದರ್ಶಿಗಳ ಪೆನ್ನು ಅಲ್ಲೇ ನಿಂತಿತು. ಎಲ್ಲರ ಜಾಗ ಎಂದರೆ ಯಾರೂ ಬಳಸಬಾರದ ಜಾಗವೆಂದು ಅರ್ಥವಲ್ಲ. ಓಡಾಡಲು, ಬೆಂಕಿ ಬಿದ್ದಾಗ ಇಳಿದು ಓಡಲು ದಾರಿ ಬಿಟ್ಟಿರಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಆದರೆ ಎಲ್ಲರ ಒಪ್ಪಿಗೆಯಿಂದ ವರ್ಷಗಟ್ಟಲೆ ಒಂದು ಮೂಲೆಯಲ್ಲಿ ಕೂತು ಎಲ್ಲರಿಗೂ ಉಪಕಾರವಾಗಿರುವವನನ್ನು ಒಬ್ಬರ ಇಷ್ಟಕ್ಕೆ ಎಬ್ಬಿಸುವಂತಿಲ್ಲ. ಎಬ್ಬಿಸುವ ಮುಂಚೆ ಅವನ ಮಾತನ್ನೂ ಕೇಳಬೇಕು. ಓದುತ್ತ ಓದುತ್ತ ನನ್ನ ದನಿ ತಾನಾಗಿ ಏರಿತು. ಒಂದು ಸಲವೂ ಆಕಳಿಕೆ ಬರಲಿಲ್ಲ.

ಪುಟದ ಕೊನೆಗೆ ಬಂದು ನಿಂತುಬಿಟ್ಟೆ. ಕೊನೆಯಲ್ಲಿ ಚಿಕ್ಕ ಅಕ್ಷರದಲ್ಲಿ ಇನ್ನೊಂದು ಸಾಲು ಇತ್ತು.

ಕಾರ್ಯದರ್ಶಿಗಳು, "ಯಾಕೆ ಸಾರ್ ನಿಲ್ಲಿಸಿದ್ರಿ, ಇನ್ನೂ ಇದೆಯಲ್ಲ," ಎಂದರು. ಅದು ಮುಖ್ಯವಲ್ಲ ಎಂದೆ. ಪುಟ ಬಿಟ್ಟೇ ಇಷ್ಟೆಲ್ಲ ಆಗಿದ್ದು, ಇನ್ನು ಒಂದಕ್ಷರವನ್ನೂ ಬಿಡಬಾರದು ಎಂದು ಡ್ರಿಲ್ ಮೇಷ್ಟ್ರು ಗದರಿದರು.

ಓದಿದೆ. "ನನ್ನ ಪ್ರತಿಯೊಂದು ಬರಹದ ಕರಡನ್ನೂ ತಾಳ್ಮೆಯಿಂದ, ಪೂರ್ತಿಯಾಗಿ ಓದಿ ತಿದ್ದುವ ನನ್ನ ಸೋದರಮಾವನಿಗೆ ಋಣಿ."

ಯಾರೂ ನಗಲಿಲ್ಲ. ಅದೇ ಕಷ್ಟವಾಯಿತು. ನನ್ನ ಹೆಂಡತಿ ಸೆರಗಿನ ಹಿಂದೆ ಕೆಮ್ಮಿದಳು. ನಾನು ಹುಡುಗಿಯ ಮುಖ ನೋಡಲಾರದೆ ಹಾಳೆಯನ್ನೇ ನೋಡುತ್ತ ನಿಂತೆ. ನಾಚಿಕೆಯಿಂದ ಕಿವಿಯವರೆಗೂ ಬಿಸಿಯಾಗಿತ್ತು.

ಅವಳು ನನ್ನನ್ನು ಹಾಗೇ ಬಿಟ್ಟು ಸಭೆಯ ಕಡೆ ತಿರುಗಿದಳು. ಆ ತೀರ್ಪು ಬೇರೆ ಯಾವುದೋ ಕಟ್ಟಡದ್ದು, ಅಲ್ಲಿನ ಸಂಗತಿ ನೋಡಿ ಕೊಟ್ಟದ್ದು, ಅದನ್ನು ಓದಿ ಇಲ್ಲಿ ಯಾರನ್ನೂ ಎಬ್ಬಿಸುವುದೂ ಬೇಡ, ಕೂರಿಸುವುದೂ ಬೇಡ, ನಿಮ್ಮ ಕಟ್ಟಡದ ವಿಷಯ ನೀವೇ ಹೇಳಿ ಎಂದಳು. ಆಮೇಲೆ ಕೇಳಿದಳು, "ಈ ಹತ್ತು ದಿನದಲ್ಲಿ ಇವರನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ?"

ಕುಂಡದಜ್ಜಿ ಎದ್ದು ತಮ್ಮ ಕುರ್ಚಿಯನ್ನು ಜಿಪ್ಪಿನವರ ಹತ್ತಿರ ಸರಿಸಿ, ಕೂತುಕೊಂಡು ಹೇಳಪ್ಪ ಎಂದರು. ಜಿಪ್ಪಿನವರು ಕೂರಲಿಲ್ಲ. ಕುರ್ಚಿಯ ಬೆನ್ನು ಹಿಡಿದುಕೊಂಡರು. ಹತ್ತೊಂಬತ್ತು ವರ್ಷದ ಕಷ್ಟಸುಖ ಈಗ ಹೊರಬೀಳುತ್ತದೆ ಎಂದು ನಾವೆಲ್ಲ ತಲೆ ತಗ್ಗಿಸಿ ಸಿದ್ಧರಾದೆವು.

"ಹೇಳೋದು ಅಂಥಾದ್ದೇನಿಲ್ಲ," ಎಂದರು. "ಆ ಮೂಲೇಲಿ ಕತ್ತಲೆ. ಸೂಜಿಗೆ ದಾರ ಪೋಣಿಸಕ್ಕೆ ಆಗಲ್ಲ. ಒಂದು ಬಲ್ಬು ಹಾಕಿಸ್ಕೊಡಿ ಅಂತ ಬಂದ ವರ್ಷದಿಂದ ಕೇಳ್ಬೇಕು ಅಂತಿದ್ದೆ. ಯಾರನ್ನ ಕೇಳೋದು ಅಂತ ಗೊತ್ತಾಗ್ಲಿಲ್ಲ."

ತೀರ್ಮಾನಕ್ಕೆ ಕೈ ಎತ್ತಿ ಎಂದು ಕಾರ್ಯದರ್ಶಿಗಳು ಹೇಳುವುದರೊಳಗೆ ಕೈಗಳ ಜೊತೆ ಬ್ಯಾಗುಗಳೂ ಮೇಲೆದ್ದವು. ಮೊದಲು ಎದ್ದದ್ದು ಕಾರ್ಯದರ್ಶಿಗಳದ್ದೇ, ಅವರ ಕಚೇರಿಯ ಬ್ಯಾಗು ಸೋಮವಾರದಿಂದ ಪಿನ್ನಿನ ಮೇಲೆ ನಿಂತಿತ್ತು. ಜಿಪ್ಪಿನವರ ಮೂಲೆ ಅವರಿಗೇ ಉಳಿಯಿತು. ನಡೆಯುವ ದಾರಿ ಬಿಟ್ಟು ಸೀಮೆಸುಣ್ಣದ ಗೆರೆ ಎಳೆದರು. ಚಪ್ಪಲಿ ಸ್ಟ್ಯಾಂಡುಗಳು ಮಾತ್ರ ಮತ್ತೆ ಹಜಾರಕ್ಕೆ ಬರಲಿಲ್ಲ, ದಾರಿಯ ವಿಷಯದಲ್ಲಿ ರಿಯಾಯಿತಿ ಇಲ್ಲವೆಂದು ನಾನೇ ಓದಿಬಿಟ್ಟಿದ್ದೆ. ನಾಯಿಯನ್ನು ಅದರ ಪಾಡಿಗೆ ಮಲಗಲು ಬಿಟ್ಟರು.

ಮನೆಗೆ ಬಂದ ಮೇಲೆ ನಾನು ನಿಜ ಒಪ್ಪಿಕೊಂಡೆ. ಒಂದು ಕರಡನ್ನೂ ಓದಿಲ್ಲಮ್ಮ, ಎಲ್ಲಕ್ಕೂ ಬರೀ ಟಿಕ್ ಹಾಕಿದ್ದು ಎಂದೆ.

"ಮೂರು ವರ್ಷ ನಾನು ಎರಡನೇ ಪ್ಯಾರಾನ ಹೊಸದಾಗಿ ಬರೆದಿದೀನಿ ಮಾಮ."

"ಗೊತ್ತು ಪುಟ್ಟಿ."

"ಪ್ರತಿ ಸಲಾನೂ ಮೊದಲಿಗಿಂತ ಚೆನ್ನಾಗೇ ಬಂದಿದೆ," ಎಂದಳು. ಆಮೇಲೆ ನಕ್ಕಳು. ನಾನು ಒಳಗೆ ಹೋಗಿ ಸೀಲು ತಂದು ಅವಳ ಕೈಗೆ ಕೊಟ್ಟೆ. ಅದೀಗ ಅವಳ ಪುಸ್ತಕಗಳ ಮೇಲೆ ಹಾಳೆ ಹಾರದ ಹಾಗೆ ಕೂತಿದೆ.

ಬಲ್ಬು ಹಾಕಿಸಿದ್ದು ನಾನೇ, ಅದಕ್ಕೆ ಯಾರೂ ಸುತ್ತೋಲೆ ಹೊರಡಿಸಬೇಕಾಗಲಿಲ್ಲ. ಈಗ ಕರಡು ಕೈಗೆ ಬಂದರೆ ಮನೆಯಲ್ಲಿ ಕೂರುವುದಿಲ್ಲ, ನಿದ್ದೆಯ ಭಯ. ಮೆಟ್ಟಿಲ ಕೆಳಗೆ ಆ ಬಲ್ಬಿನಡಿ ಕುರ್ಚಿ ಹಾಕಿಕೊಂಡು ಜೋರಾಗಿ ಓದುತ್ತೇನೆ. ಜಿಪ್ಪಿನವರು ಮೆಷಿನ್ ತುಳಿಯುತ್ತ ಕೇಳಿಸಿಕೊಳ್ಳುತ್ತಾರೆ. ಮೊನ್ನೆ ಒಂದು ವಾದ ಎಷ್ಟು ಚೆನ್ನಾಗಿತ್ತೆಂದರೆ, ಇದೇ ಸರಿ, ಇದೇ ನ್ಯಾಯ ಎಂದು ಓದುತ್ತಲೇ ತೊಡೆ ತಟ್ಟಿದೆ.

ಜಿಪ್ಪಿನವರು ಮೆಷಿನ್ ನಿಲ್ಲಿಸಿ, ಹಲ್ಲಿನಲ್ಲಿ ದಾರ ಕಡಿದು, "ಹಾಳೆ ತಿರುಗಿಸಿ ಸ್ವಾಮಿ," ಎಂದರು.